ನಾಯಿಗಳನ್ನು ಯಾಕೆ ಬಿಟ್ಟೆ?

ಪ್ರೀತಿಯ ತಂಗಿ,

ಇಂಗ್ಲಿಷ್ ಚಿತ್ರಕಾರ ಟರ್ನರ್‌ನ 'ಬ್ಲೂ ರಿಗಿ' ಚಿತ್ರದ ಮೇಲೆ ನೀನು ಬರೆದು ಕಳಿಸಿದ್ದನ್ನು ಓದಿದೆ. ಭಾಷೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಪ್ಯಾರಾದಲ್ಲೇ ಸರೋವರ ಶಾಂತ, ಬೆಟ್ಟ ಶಾಂತ, ಬೆಳಗು ಶಾಂತ, ಕೊನೆಗೆ ನೋಡುವವರ ಮನಸ್ಸೂ ಶಾಂತ. ಇಷ್ಟು ಶಾಂತಿ ಕೊಟ್ಟರೆ ಓದುವವರು ನಿದ್ದೆ ಹೋಗ್ತಾರೆ ಕಣೇ.

ಚಿತ್ರದ ಕೆಳಭಾಗ ಸರಿಯಾಗಿ ನೋಡಿದೆಯಾ? ಅಲ್ಲಿ ನಾಯಿಗಳು ನೀರಿಗೆ ಹಾರಿವೆ. ಬಾತುಗಳು ಗಾಬರಿಬಿದ್ದು ಮೇಲೇಳುತ್ತಿವೆ. ಸ್ವಿಟ್ಜರ್ಲೆಂಡಿನ ಲೂಸರ್ನ್ ಸರೋವರದ ಆಚೆ ಇಡೀ ರಿಗಿ ಬೆಟ್ಟ ನೀಲಿಯಾಗಿ ನಿಂತಿದೆ, ಸೂರ್ಯ ಇನ್ನೂ ಮೇಲೆ ಬಂದಿಲ್ಲ, ನೀರು ಅಲುಗುತ್ತಿಲ್ಲ, ಇಂಥ ಹೊತ್ತಿನಲ್ಲಿ ಆ ಪುಣ್ಯಾತ್ಮ ಟರ್ನರ್ ನಮ್ಮ ಕಾಲ ಬುಡದಲ್ಲೇ ಒಂದು ಗಲಾಟೆ ತಂದಿಟ್ಟಿದ್ದಾನೆ. ಆ ಭಾಗಕ್ಕೆ ಕೈ ಅಡ್ಡ ಹಿಡಿದು ನೋಡು, ನೀರು ಸುಮ್ನೆ ಬಣ್ಣದ ಪಟ್ಟಿಯಾಗಿಬಿಡುತ್ತದೆ. ಕೈ ತೆಗೆ. ಈಗ ಉಳಿದ ನೀರು ಎಷ್ಟು ದೂರದವರೆಗೆ ಅಲ್ಲಾಡದೆ ಬಿದ್ದಿದೆ ಅಂತ ಗೊತ್ತಾಗುತ್ತದೆ, ಅಲ್ವಾ? ನಿನ್ನ ಲೇಖನದಲ್ಲಿ ಒಂದು ನಾಯಿಯೂ ಇಲ್ಲ.

ಇನ್ನೊಂದು ವಿಷಯ. ಅವನು ದಡದಲ್ಲಿ ಕೂತು, ಭಾವ ಉಕ್ಕಿ ಬಂದು, ಒಂದೇ ಬೆಳಗಿನಲ್ಲಿ ಬಿಡಿಸಿದ ಅನ್ನುವ ಹಾಗೆ ಬರೆದಿದ್ದೀಯ. ಹಾಗಲ್ಲ. ಲಂಡನ್ನಿನ ಕ್ಷೌರಿಕನ ಮಗ ಅವನು, 1775ರಲ್ಲಿ ಹುಟ್ಟಿದವನು, ವ್ಯವಹಾರ ಚೆನ್ನಾಗಿ ಗೊತ್ತಿತ್ತು. 1841ರಲ್ಲಿ ಲೂಸರ್ನ್‌ನಲ್ಲಿ ಉಳಿದು ಬೆಟ್ಟವನ್ನು ಬೇರೆ ಬೇರೆ ಹೊತ್ತಿನಲ್ಲಿ ನೋಡಿದ. ಆಮೇಲೆ ಜಲವರ್ಣದಲ್ಲಿ ಮಾದರಿಗಳನ್ನು ಮಾಡಿ ಥಾಮಸ್ ಗ್ರಿಫಿತ್ ಅನ್ನುವ ವ್ಯಾಪಾರಿಯ ಕೈಗೆ ಕೊಟ್ಟ, ಆತ ಅವನ್ನು ಗಿರಾಕಿಗಳಿಗೆ ತೋರಿಸಿ ಆರ್ಡರ್ ಹಿಡಿದ. ಪೂರ್ತಿ ಚಿತ್ರಗಳು ಬಂದದ್ದು 1842ರಲ್ಲಿ, ಲಂಡನ್ನಿನಲ್ಲಿ. ಅದೂ ಮೂರು: ನೀಲಿ ರಿಗಿ, ಕೆಂಪು ರಿಗಿ, ಕಪ್ಪು ರಿಗಿ. ಬೆಟ್ಟ ಅದೇ, ಸರೋವರ ಅದೇ. ಕೆಂಪಿನದು ಸಂಜೆ, ಉಳಿದೆರಡು ಬೆಳಗಿನ ಜಾವ. ಅರವತ್ತೇಳರ ವಯಸ್ಸಿನಲ್ಲಿ, ಹೆಸರೆಲ್ಲ ಆದಮೇಲೂ, ಮನುಷ್ಯ ಒಂದೇ ಬೆಟ್ಟವನ್ನು ಹೀಗೆ ಕೂತು ಮಾಡ್ತಾನೆ. ನೀನು ಒಂದು ಸಲ ಬರೆದು ನನಗೆ ಕಳಿಸಿಬಿಟ್ಟೆ!

ಬೆಲೆಗೆ ಒಂದು ಪೂರ್ತಿ ಪ್ಯಾರಾ ಯಾಕೆ? ಸುಮಾರು 45 ಸೆಂಟಿಮೀಟರ್ ಅಗಲದ ಒಂದು ಕಾಗದಕ್ಕೆ 2007ರಲ್ಲಿ ಬ್ರಿಟನ್ನಿನ ಟೇಟ್ ಮ್ಯೂಸಿಯಂ 49.5 ಲಕ್ಷ ಪೌಂಡ್ ಕೊಟ್ಟಿತು. ಒಂದು ವಾಕ್ಯದಲ್ಲಿ ಮುಗಿಯಿತು ನೋಡು. ಆದರೆ ಚಿತ್ರ ದೇಶ ಬಿಟ್ಟು ಹೋಗಬಾರದು ಅಂತ ಸಾಮಾನ್ಯ ಜನರೂ ಹಣ ಹಾಕಿದರು, 5 ಪೌಂಡ್ ಕೊಟ್ಟರೆ ಒಂದು ಕುಂಚದ ಗೆರೆ 'ನಿಮ್ಮದು' ಅನ್ನುವ ಲೆಕ್ಕದಲ್ಲಿ. ಅದನ್ನು ನೀನು ಎಲ್ಲೋ ಆವರಣದೊಳಗೆ ತುರುಕಿದ್ದೀಯ. ಹೊರಗೆ ತಾ. ಯಾರಿಗೆ ಆಕಾಶ ಬೇಕಿತ್ತೋ, ಯಾರಿಗೆ ಬಾತುಕೋಳಿ ಬೇಕಿತ್ತೋ ಅಂತ ಓದುವವರು ತಾವೇ ಯೋಚಿಸಿಕೊಳ್ತಾರೆ.

ಮೊದಲ ಪ್ಯಾರಾ ಪೂರ್ತಿ ತೆಗೆದುಹಾಕು. ನಾಯಿಗಳಿಂದ ಶುರುಮಾಡಿ ಇನ್ನೊಂದು ಸಲ ಬರಿ, ಜಾಸ್ತಿ ಉದ್ದ ಬೇಡ. ಈ ತಿಂಗಳ ಕೊನೆಯೊಳಗೆ ಕಳಿಸಿದರೆ ಓದಿ ಹೇಳ್ತೀನಿ.

ನಿನ್ನ ಅಣ್ಣ