ಬ್ರಾಂಪ್ಟನ್‌ನಲ್ಲಿರುವ ಮಗಳಿಗೊಂದು ಪತ್ರ

ಕೋಲಾರ,
ಡಿಸೆಂಬರ್ 2025

ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದ್ದು ಅಮ್ಮನಿಗೆ ಗೊತ್ತಾಗಲಿಲ್ಲ. ಶೀತ ಅಂದೆ, ನಂಬಿದಳು. ಬಸ್ಸಿನಲ್ಲಿ ಯಾರೋ ‘ನಿಮ್ಮ ದೇಶಕ್ಕೆ ಹೋಗಿ’ ಅಂದರು ಅಂತ ಆಮೇಲೆ ನನಗೆ ಮಾತ್ರ ಮೆಸೇಜ್ ಹಾಕಿದೆಯಲ್ಲ, ಅದಕ್ಕೆ ಅವತ್ತೇ ಏನು ಬರೆಯಬೇಕೋ ತೋಚಲಿಲ್ಲ. ಇವತ್ತು ಮಂಡಿಯಲ್ಲಿ ಹರಾಜು ಬೇಗ ಮುಗಿಯಿತು. ಲೆಕ್ಕದ ಪುಸ್ತಕ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.

ಒಂದು ವಾರದಿಂದ ನಾನೂ ಕೆನಡಾದ ಲೆಕ್ಕವನ್ನೇ ಓದುತ್ತಿದ್ದೇನೆ. ಮಂಡಿ ರೈಟರ್ ಅಲ್ವಾ, ಅಂಕಿ ಕಂಡರೆ ಕೂಡಿ ಕಳೆಯುವ ಚಟ. 2023ರಲ್ಲಿ ಒಂದೇ ವರ್ಷಕ್ಕೆ ಅಲ್ಲಿ 12 ಲಕ್ಷಕ್ಕೂ ಜಾಸ್ತಿ ಜನ ಹೆಚ್ಚಿದರು. ಹೆಚ್ಚುಕಮ್ಮಿ ಎಲ್ಲರೂ ಹೊರಗಿನಿಂದ ಬಂದವರು. ಒಟ್ಟು ಜನವೇ ಸುಮಾರು ನಾಲ್ಕು ಕೋಟಿ, ನಮ್ಮ ಕರ್ನಾಟಕಕ್ಕಿಂತ ಕಡಿಮೆ. ಮನೆಗಳು ಆ ವೇಗದಲ್ಲಿ ಏಳುತ್ತವೆಯೇ? ಬಾಡಿಗೆ ಏರಿತು, ಜನ ಸಿಟ್ಟಾದರು. 2025ಕ್ಕೆ 5 ಲಕ್ಷ ಜನಕ್ಕೆ ಪಿಆರ್, ಅಂದರೆ ಅಲ್ಲೇ ಖಾಯಂ ಇರುವ ಅನುಮತಿ ಅಂದಿದ್ದ ಸರ್ಕಾರ, 2024ರ ಅಕ್ಟೋಬರಿನಲ್ಲಿ ಅದನ್ನು 3 ಲಕ್ಷ 95 ಸಾವಿರಕ್ಕೆ ಇಳಿಸಿತು. ಹೋದ ತಿಂಗಳ ಯೋಜನೆಯಲ್ಲಿ 2026ರಿಂದ ಮೂರು ವರ್ಷ, ವರ್ಷಕ್ಕೆ 3 ಲಕ್ಷ 80 ಸಾವಿರ. ಹೊಸ ವಿದ್ಯಾರ್ಥಿಗಳಿಗಂತೂ 2026ರಲ್ಲಿ 1 ಲಕ್ಷ 55 ಸಾವಿರ ಅಷ್ಟೇ. ಮೊದಲು ಅದರ ಎರಡರಷ್ಟು ಅಂದುಕೊಂಡಿದ್ದರು.

ಇದನ್ನೆಲ್ಲ ಓದುವಾಗ ನನ್ನ ತಲೆಯಲ್ಲಿ ಬರುತ್ತಿದ್ದದ್ದು ನರಸಾಪುರ.

ಅಲ್ಲಿ ನಮ್ಮ ಹಳೇ ಸೈಟಿನಲ್ಲಿ ಶೀಟಿನ ಐದು ರೂಮು ಕಟ್ಟಿಸಿದೆವಲ್ಲ, ಈಗ ಐದರಲ್ಲೂ ಒಡಿಶಾ, ಬಿಹಾರದ ಹುಡುಗರು. ಹೋಂಡಾ ಬಂತು, ಐಫೋನ್ ಜೋಡಿಸುವ ಕಾರ್ಖಾನೆ ಬಂತು, ಹಿಂದೆಯೇ ಇವರೂ ಬಂದರು. ಅರಳಿಕಟ್ಟೆಯ ಮೇಲೆ ದಿನಾ ಅದೇ ಮಾತು. ನಮ್ಮ ಹುಡುಗರಿಗೆ ಕೆಲಸ ಇಲ್ಲ, ಇವರಿಗೆ ಇದೆ. ಸಾವಿರ ಅಡಿ ಕೊರೆದರೂ ನೀರಿಲ್ಲದ ಊರಿಗೆ ಇಷ್ಟು ಜನ ಯಾಕೆ? ನಾನೂ ತಲೆಯಾಡಿಸಿದವನೇ. ತಲೆಯಾಡಿಸಿಕೊಂಡೇ ವರ್ಷ ವರ್ಷ ಬಾಡಿಗೆ ಏರಿಸಿದ್ದೇನೆ, ಅದು ಬೇರೆ ಮಾತು.

2024ರ ಜುಲೈ ನೆನಪಿದೆಯಾ? ಖಾಸಗಿ ಕಂಪನಿಗಳಲ್ಲಿ ಮ್ಯಾನೇಜರ್ ಮಟ್ಟದ ಕೆಲಸದಲ್ಲಿ ಶೇ 50, ಉಳಿದದ್ದರಲ್ಲಿ ಶೇ 70 ಸ್ಥಳೀಯರಿಗೆ ಅಂತ ನಮ್ಮ ಸಂಪುಟ ಮಸೂದೆ ಒಪ್ಪಿತು. ಉದ್ಯಮದವರು ಗದ್ದಲ ಎಬ್ಬಿಸಿದರು. ಎರಡು ದಿನದಲ್ಲಿ ತಡೆಹಿಡಿದರು. ಹೆದರಿಬಿಟ್ಟರು ಅಂತ ನಾನು ಟಿವಿ ಮುಂದೆ ಕೂತು ಬೈದೆ. ಅದೇ ವಾರ ನೀನು ವೀಸಾ ಬಂತಾ ಅಂತ ಹತ್ತು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಿದ್ದೆ. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ನನಗೆ ಅವತ್ತು ಬರಲಿಲ್ಲ.

ಅಮ್ಮನ ಕಡೆಯವರದ್ದೂ ಇದೇ ಕಥೆ. ಅವಳ ಮುತ್ತಾತ ಉತ್ತರ ಆರ್ಕಾಟಿನಿಂದ ಕೆಜಿಎಫ್‌ಗೆ ಬಂದವರು. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿ ಕೆಲಸ ಶುರು ಮಾಡಿದ ಮೇಲೆ ಗಣಿಗೆ ಇಳಿಯುವುದಕ್ಕೆ ತಮಿಳು, ತೆಲುಗು ಸೀಮೆಯಿಂದ ಜನ ಬಂದರು. ಇದ್ದದ್ದು ತಟ್ಟಿ ಗುಡಿಸಲಿನ ಲೈನ್‌ಗಳಲ್ಲಿ. 1930ರಲ್ಲಿ ಕಂಪನಿ ಎಲ್ಲ ಕೂಲಿಯವರ ಬೆರಳಚ್ಚು ತೆಗೆದು ದಾಖಲೆ ಇಡುತ್ತೇವೆ ಅಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಕೂತರಂತೆ. ನಾವೇನು ಕಳ್ಳರಾ ಅಂತ. ನೀನು ವೀಸಾಕ್ಕೆ ಹತ್ತೂ ಬೆರಳು ಒತ್ತಿ ಬಂದ ಸಂಜೆ ಅಮ್ಮ ಇದನ್ನು ಹೇಳಿ ನಕ್ಕಿದ್ದಳು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಲೈನ್‌ಗಳ ಮಕ್ಕಳು ಇವತ್ತಿಗೂ ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹತ್ತುತ್ತಾರೆ.

ಹಾಗಂತ ಲೆಕ್ಕವೇ ಹಾಕಬಾರದು ಅಂತ ನಾನು ಹೇಳುವುದಿಲ್ಲ. ಆವಕ ಜಾಸ್ತಿಯಾದ ದಿನ ಮಂಡಿ ಏನಾಗುತ್ತದೆ ಅಂತ ನೀನು ಚಿಕ್ಕಂದಿನಿಂದ ನೋಡಿದ್ದೀಯ. ಆದರೆ ಒಳಗೆ ಬಂದು ಬಾಕ್ಸ್ ಇಳಿಸಿದ ರೈತನಿಗೆ ‘ಈಗ ರೂಲ್ಸ್ ಬದಲಾಗಿದೆ, ವಾಪಸ್ ತುಂಬಿಕೋ’ ಅನ್ನುವುದಿಲ್ಲ. ಅಲ್ಲಿ ನಡೆಯುತ್ತಿರುವುದು ನನಗೆ ಹಾಗೇ ಕಾಣುತ್ತದೆ. ಒಂಟಾರಿಯೊ ಸರ್ಕಾರ 2019ರಲ್ಲಿ ಅಲ್ಲಿನ ಮಕ್ಕಳ ಫೀಸನ್ನು ಶೇ 10 ಇಳಿಸಿ, ಆಮೇಲೆ ವರ್ಷಗಟ್ಟಲೆ ಏರಿಸಲೇ ಇಲ್ಲ. ಕಾಲೇಜುಗಳು ಖರ್ಚಿಗೆ ನಿಮ್ಮಂಥವರ ಫೀಸನ್ನೇ ನೆಚ್ಚಿಕೊಂಡವು. ಕರೆದವರು ಅವರು, ಕಟ್ಟಿದವರು ನಾವು, ಬಸ್ಸಿನಲ್ಲಿ ಬೈಸಿಕೊಂಡವಳು ನೀನು.

ಬೈಸಿಕೊಂಡದ್ದರಲ್ಲಿ ನನ್ನ ಪಾಲೂ ಇದೆ. ‘ಹೋದರೆ ಸಾಕು ಸಾರ್, ಪಿಆರ್ ಗ್ಯಾರಂಟಿ’ ಅಂತ ಬೆಂಗಳೂರಿನ ಏಜೆಂಟ್ ಹೇಳಿದ್ದನ್ನು ನಂಬಿದವನು ನಾನು. ಖಾತೆಯಲ್ಲಿ ತೋರಿಸಬೇಕಾದ ಹಣ 10,000 ಡಾಲರಿನಿಂದ 20,635ಕ್ಕೆ ಏರಿದ್ದು 2024ರ ಜನವರಿಯಲ್ಲೇ. ಅವತ್ತೇ ನಿಂತು ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ಸೈಟಿನ ಪತ್ರ ತೆಗೆದುಕೊಂಡು ಬ್ಯಾಂಕಿಗೆ ಹೋದೆ.

ಇನ್ನು ಮುಂದಿನದ್ದು. ಓದುವವರು ಹೊರಗೆ ಕೆಲಸ ಮಾಡುವುದು ವಾರಕ್ಕೆ 24 ಗಂಟೆ ಅಂದರೆ 24 ಗಂಟೆ. ಕೈಗೆ ಕ್ಯಾಶ್ ಕೊಡುತ್ತೇವೆ ಅಂತ ಅಂಗಡಿಯವರು ಕರೆದರೆ ಹೋಗಬೇಡ. ಬಸ್ಸಿನಲ್ಲಿ ಮತ್ತೆ ಯಾರಾದರೂ ರೇಗಿದರೆ ವಾದಕ್ಕೆ ನಿಲ್ಲದೆ ಡ್ರೈವರ್ ಹತ್ತಿರ ಹೋಗಿ ಕೂರು, ಆದರೆ ತಲೆ ತಗ್ಗಿಸಬೇಡ. ಮತ್ತೆ, ಆಗುವುದಾದರೆ ಫ್ರೆಂಚ್ ಕಲಿ. ಕ್ವಿಬೆಕ್ ಬಿಟ್ಟು ಉಳಿದ ಕಡೆ ಪಿಆರ್‌ನಲ್ಲಿ ಶೇ 9 ಫ್ರೆಂಚ್ ಬಲ್ಲವರಿಗೆ ಅಂತ 2026ರ ಗುರಿಯಲ್ಲಿ ಬರೆದಿದ್ದಾರೆ. ನಗಬೇಡ. ಮನೆಯಲ್ಲಿ ಕನ್ನಡ, ಮಂಡಿಯಲ್ಲಿ ತೆಲುಗು, ಅಜ್ಜಿ ಮನೆಯಲ್ಲಿ ತಮಿಳು ಮಾತಾಡಿಕೊಂಡು ಬೆಳೆದವಳಿಗೆ ಇನ್ನೊಂದು ಭಾಷೆ ಏನು ಮಹಾ? ಆಗಲ್ಲ ಅನ್ನಿಸಿದರೆ ಓದು ಮುಗಿಸಿ ಬಾ. ಬಂದರೆ ಜನ ಏನಂತಾರೋ ಅಂತ ಅಲ್ಲೇ ಕೊರಗಬೇಡ.

ಮೂರನೇ ರೂಮಿನ ಒಡಿಶಾ ಹುಡುಗ ಮೊನ್ನೆ ಬಾಡಿಗೆ ಕೊಡುವುದಕ್ಕೆ ಬಂದಿದ್ದ. ಅಮ್ಮ ಅವನಿಗೆ ಮುದ್ದೆ, ಬಸ್ಸಾರು ಬಡಿಸಿದಳು. ಮುದ್ದೆಯನ್ನು ಅಗಿಯುತ್ತಾ ಕೂತಿದ್ದ ಪಾಪ, ನುಂಗಬೇಕು ಅಂತ ಅವನಿಗೆ ಯಾರು ಹೇಳಿಕೊಡಬೇಕು? ನಿನ್ನ ಬೇಸ್‌ಮೆಂಟಿನ ಓನರ್ ನಿನ್ನನ್ನು ಊಟಕ್ಕೆ ಕರೆದಿದ್ದಾರಾ ಅಂತ ಅಮ್ಮ ಕೇಳಿದಳು. ಅವನು ಕೊಟ್ಟ ದುಡ್ಡನ್ನು ಉಳಿದ ನಾಲ್ಕು ರೂಮಿನದಕ್ಕೆ ಸೇರಿಸಿ 5ನೇ ತಾರೀಕು ನಿನ್ನ ಸಾಲದ ಕಂತು ಕಟ್ಟಿದ್ದೇನೆ. ರಸೀದಿ ವಾಟ್ಸಾಪಿನಲ್ಲಿ ಹಾಕಿದ್ದೇನೆ, ನೋಡಿಕೋ.

ನಿನ್ನ,
ಅಪ್ಪ