ಮೊದಲ ಸಹಿ

ಪ್ರೀತಿಯ ಮಗಳಿಗೆ,

ನಿನ್ನ ಕಾಗದ ಬಂತು. ಉಳಿದದ್ದೆಲ್ಲ ಸರಿ. ಆದರೆ ಆಫೀಸಿನಲ್ಲಿ ಕೊಟ್ಟ ಸಂಬಳದ ಅರ್ಜಿಯ ವಿಷಯ ಬರೆದು, "ಮೊದಲ ಸಹಿ ನನ್ನದಾಗಬಾರದಿತ್ತು ದೊಡ್ಡಪ್ಪಾ, ಈಗ ಎಲ್ಲರೂ ನನ್ನನ್ನೇ ನೋಡ್ತಾರೆ" ಅಂದಿದ್ದೀಯಲ್ಲ, ಆ ಮಾತು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ.

1930ರ ಏಪ್ರಿಲ್ 13ರಂದು ನಮ್ಮ ಉತ್ತರ ಕನ್ನಡದ ಅಂಕೋಲೆಯಲ್ಲಿ ಬ್ರಿಟಿಷರ ಕಾನೂನು ಮುರಿದು ಉಪ್ಪು ಮಾಡಿದ ಕತೆ ನಿನಗೆ ಗೊತ್ತು, ಮತ್ತೆ ಹೇಳುವುದಿಲ್ಲ. ನನ್ನ ಮನಸ್ಸು ಹೋಗುವುದು ಆಮೇಲಿನ ದಿನಗಳಿಗೆ. ಬೆಳೆದದ್ದಕ್ಕೆ ಬೆಲೆ ಇಲ್ಲ, ಕಂದಾಯ ಮಾತ್ರ ಕಟ್ಟಲೇಬೇಕು. ಗದ್ದೆಗೆ ಸೊಪ್ಪು ತರಲು ಹೋದರೆ ಅರಣ್ಯದವರ ಕಾಟ. ಕಡೆಗೆ ಅಂಕೋಲೆ, ಸಿದ್ದಾಪುರದ ರೈತರು ಕಂದಾಯ ಕೊಡುವುದಿಲ್ಲ ಅಂದುಬಿಟ್ಟರು. ಜಪ್ತಿಗೆ ಬಂದವರು ಒಲೆ ಮೇಲಿನ ಗಂಜಿ ಸುರುವಿ ತಪ್ಪಲೆ ಒಯ್ದರು ಅಂತ ನನ್ನಜ್ಜಿ ಹೇಳುತ್ತಿದ್ದಳು. ಕೊಟ್ಟಿಗೆಯ ಎಮ್ಮೆ ಹೋಯಿತು. ಆಮೇಲೆ ಗದ್ದೆಯೂ ಹೋಯಿತು.

ಹೆದರಿಕೆ ಆ ರೈತರಿಗೂ ಇತ್ತು ಮಗಳೇ. ನಿನಗಿಂತ ಜಾಸ್ತಿಯೇ ಇದ್ದಿರಬೇಕು. 1931ರಲ್ಲಿ ಗಾಂಧೀಜಿಗೂ ವೈಸರಾಯ್ ಇರ್ವಿನ್ನನಿಗೂ ಆದ ಒಪ್ಪಂದದಲ್ಲಿ ಏನಿತ್ತು ಗೊತ್ತಾ? ಜಪ್ತಿಯಾದ ಭೂಮಿ ಸರ್ಕಾರದ ಕೈಯಲ್ಲೇ ಉಳಿದಿದ್ದರೆ ವಾಪಸ್ಸು. ಬೇರೆಯವರಿಗೆ ಮಾರಿಯಾಗಿದ್ದರೆ ಅದು ಮುಗಿದ ಮಾತು. ಅಷ್ಟು ಗೊತ್ತಿದ್ದೂ ಮರುವರ್ಷ ಮತ್ತೆ ಕಂದಾಯ ನಿಲ್ಲಿಸಿದರಲ್ಲ! ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು ಜಪ್ತಿ ಮಾಲು ಕೊಂಡವರ ಮನೆ ಎದುರು ಉಪವಾಸ ಕೂತರು.

ಅಲ್ಲಿ ಎಲ್ಲರಿಗಿಂತ ಮೊದಲು ಹೋಗಿ ಕೂತವಳಿಗೆ ಏನನ್ನಿಸಿತ್ತೋ. ಊರೆಲ್ಲ ನನ್ನನ್ನೇ ನೋಡ್ತಿದೆ ಅನ್ನಿಸಿರಲ್ವಾ? ಅಜ್ಜಿಯನ್ನು ಕೇಳಿದ್ದರೆ ಅಂಥ ಹೆಂಗಸರ ಹೆಸರಾದರೂ ಸಿಗುತ್ತಿತ್ತು. ಆಗ ನನಗೆ ಪರೀಕ್ಷೆ, ನೌಕರಿ, ಅದೇ ಧ್ಯಾನ. ಆ ಕೊರಗು ಇನ್ನೂ ಇದೆ.

1937ರಲ್ಲಿ ಚುನಾವಣೆಯಾಗಿ ಮುಂಬಯಿಯಲ್ಲಿ ಬಿ.ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲ ಬಂತು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅವರು ಕಾನೂನು ಮಾಡಿ ಜಪ್ತಿಯಾದ ಭೂಮಿ ವಾಪಸ್ಸು ಕೊಡಿಸಿದರು. ಸ್ವಾತಂತ್ರ್ಯಕ್ಕೆ ಇನ್ನೂ ಸುಮಾರು ಹತ್ತು ವರ್ಷವಿತ್ತು. ನಮ್ಮದೇ ಸರ್ಕಾರ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೊಳೆದದ್ದು ಆವಾಗಲೇ ಇರಬೇಕು. ಆದರೆ ಆಗ ಎಲ್ಲರಿಗೂ ಮತ ಇರಲಿಲ್ಲ. ಅಜ್ಜಿ ಮೊದಲ ಸಲ ಮತ ಹಾಕಿದ್ದು ಸಂವಿಧಾನ ಬಂದ ಮೇಲೆ, 1952ರಲ್ಲಿ.

ನಿನ್ನ ಸಂಬಳದ ಜಗಳವನ್ನು ಅದಕ್ಕೆ ಹೋಲಿಸುತ್ತಿಲ್ಲ. ಕೆಲಸ ಹೋದರೆ ಕಷ್ಟ ನಿನಗೆ, ಕೂತು ಬರೆಯುವ ನನಗಲ್ಲ. ಆದರೂ ಕೇಳುತ್ತೇನೆ, ಅರ್ಜಿಯ ನಕಲು ಇಟ್ಟುಕೊಂಡಿದ್ದೀಯಾ? ತಲುಪಿದೆ ಅಂತ ಸಹಿ ಮಾಡಿಸಿಕೊಂಡೆಯಾ? ಕರೆದರೆ ಒಬ್ಬಳೇ ಹೋಗಬೇಡ. ಗುಮಾಸ್ತಿಕೆಯಲ್ಲಿ ನಾನು ಕಲಿತದ್ದು ಇಷ್ಟೇ. ಈಗಿನ ಆಫೀಸಿಗೆ ಇದು ಸರಿಹೋಗುತ್ತೋ ಇಲ್ಲವೋ, ನಿನಗೇ ಗೊತ್ತು.

ನಿನ್ನ ಕೆಳಗೆ ಸಹಿ ಹಾಕಿದ ಹುಡುಗಿಯ ಬಗ್ಗೆ ಏನೂ ಬರೆದಿಲ್ಲ. ಅವಳೂ ಹೆದರಿ ಕೂತಿರಬಹುದು. ಒಮ್ಮೆ ಮಾತಾಡಿಸು. ನಿನ್ನ ಹೆಸರು ನೋಡಿಯೇ ಅವಳು ಪೆನ್ನು ಹಿಡಿದಿರುತ್ತಾಳೆ.

ಈ ತಿಂಗಳ ಬಾಡಿಗೆಗೆ ಸಾಲದಿದ್ದರೆ ಹೇಳು, ಸಂಕೋಚ ಬೇಡ. ಸೋಮವಾರ ಬ್ಯಾಂಕಿಗೆ ಹೋಗುವವನಿದ್ದೇನೆ.

ನಿನ್ನ ದೊಡ್ಡಪ್ಪ