ಮಗಳಿಗೊಂದು ಪತ್ರ: ವರದಿ ಬಂದಿಲ್ಲ ಅಂದರೆ ಆಕಾಶ ಶುಭ್ರವಾಗಿದೆ ಅಂತಲ್ಲ

ಪ್ರೀತಿಯ ಪುಟ್ಟಿ,

ನೈರೋಬಿಯಲ್ಲಿ ಫ್ಲೈಟ್ ಡಿಸ್ಪ್ಯಾಚರ್ ಕೆಲಸಕ್ಕೆ, ಅಂದರೆ ಹವಾಮಾನ ನೋಡಿ ವಿಮಾನದ ದಾರಿ, ಇಂಧನ ಗೊತ್ತುಮಾಡುವ ಕೆಲಸಕ್ಕೆ ಸೇರಿದ್ದೀಯ. ಇನ್ನು ಮೇಲೆ ಎಂಟೆಬೆ, ಜೂಬಾ, ಕಿನ್ಶಾಸಾ, ಲಾಗೋಸ್ ಎಲ್ಲ ನಿಲ್ದಾಣಗಳ ಮೆಟಾರ್ ಸಾಲುಗಳು, ಅಂದರೆ ಸಂಕೇತದಲ್ಲಿ ಬರೆದ ಹವಾಮಾನ ವರದಿಗಳು, ದಿನವಿಡೀ ನಿನ್ನ ಪರದೆಯ ಮೇಲೆ ಬರುತ್ತಿರುತ್ತವೆ. ಕೆಲವು ಹೊತ್ತು ಬರುವುದಿಲ್ಲ, ಇನ್ನು ಕೆಲವು ಹೊತ್ತು ತಪ್ಪಾಗಿ ಬರುತ್ತವೆ. ಆ ಎರಡನ್ನು ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೆ ಏನು ಮಾಡಬೇಕು ಅನ್ನುವುದಕ್ಕೇ ಈ ಪತ್ರ.

ನಿಯಮ ಎಲ್ಲ ದೇಶಕ್ಕೂ ಒಂದೇ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊದ ಅನೆಕ್ಸ್ 3. ಗಂಟೆಗೊಮ್ಮೆ ಅಥವಾ ಅರ್ಧ ಗಂಟೆಗೊಮ್ಮೆ ಮೆಟಾರ್, ನಡುವೆ ಹವಾಮಾನ ಕೆಟ್ಟರೆ ಸ್ಪೆಸಿ ಎಂಬ ವಿಶೇಷ ವರದಿ, ದೊಡ್ಡ ನಿಲ್ದಾಣಗಳಿಗೆ ಆರು ಗಂಟೆಗೊಮ್ಮೆ ಹೊಸ ಟ್ಯಾಫ್ ಎಂಬ ಮುನ್ಸೂಚನೆ, ಆಕಾಶಮಾರ್ಗದ ಅಪಾಯಕ್ಕೆ ಸಿಗ್ಮೆಟ್ ಎಂಬ ಎಚ್ಚರಿಕೆ. ಕಾಗದದ ಮೇಲೆ ಆಫ್ರಿಕಾಕ್ಕೆ ಯಾವ ಕೊರತೆಯೂ ಇಲ್ಲ. ರನ್‌ವೇ ಪಕ್ಕದ ಉಪಕರಣದಿಂದ ಹಿಡಿದು ಪೈಲಟ್‌ನ ಕಿವಿಯವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಕೊಂಡಿ ಕಳಚುತ್ತದೆ. ಎಲ್ಲಿ ಕಳಚಿದೆ ಅಂತ ಊಹಿಸುವುದು ನಿನ್ನ ಕೆಲಸದ ಅರ್ಧ ಭಾಗ.

ಯಾವ ಮೆಟಾರ್ ಬಂದರೂ ಮೊದಲು ಆರಂಕಿಯ ಸಮಯ ನೋಡು: ತಾರೀಖು, ಗಂಟೆ, ನಿಮಿಷ. ಅದು ಯುಟಿಸಿ, ಜಗತ್ತಿಗೆಲ್ಲ ಒಂದೇ ಆದ ಸಮಯ; ನೈರೋಬಿ ಮೂರು ಗಂಟೆ ಮುಂದೆ. ಬೆಳಗಿನ ಎಂಟಕ್ಕೆ ಕೂತು 0200 ಗಂಟೆಯ ಮೆಟಾರ್ ಓದುತ್ತಿದ್ದರೆ ಅದು ಮೂರು ಗಂಟೆ ಹಳೆಯದು. ಉಷ್ಣವಲಯದಲ್ಲಿ ಎದ್ದು ನಿಲ್ಲುತ್ತಿರುವ ಮೋಡ ಅರ್ಧ ಗಂಟೆಯಲ್ಲಿ ಗುಡುಗು ಮೋಡವಾಗುತ್ತದೆ, ಮೂರು ಗಂಟೆಯ ಹಿಂದಿನ ಆಕಾಶದಿಂದ ನಿನಗೇನೂ ಪ್ರಯೋಜನವಿಲ್ಲ. ವರದಿ ಬಾರದೇ ಇರುವುದಕ್ಕೆ ಕಾರಣ ಹಲವು. ರಾತ್ರಿ ಪಾಳಿಗೆ ವೀಕ್ಷಕರಿಲ್ಲ, ಕರೆಂಟ್ ಹೋಗಿದೆ, ಯುಪಿಎಸ್ ಬ್ಯಾಟರಿ ಸೆಕೆಗೆ ಸತ್ತಿದೆ, ವೈಮಾನಿಕ ಸಂದೇಶ ಸಾಗಿಸುವ ಎಎಫ್‌ಟಿಎನ್ ಲೈನ್ ಕೆಟ್ಟಿದೆ. ಇವೆಲ್ಲಕ್ಕಿಂತ ನನಗೆ ಬೇಸರ ತರಿಸುವ ಕಾರಣ ಇನ್ನೊಂದಿದೆ. ವೀಕ್ಷಕ ಸರಿಯಾಗಿ ನೋಡಿ ಬರೆದಿರುತ್ತಾನೆ, ಆದರೆ ಸೊನ್ನೆಯ ಬದಲು ಇಂಗ್ಲಿಷಿನ ಓ ಒತ್ತಿರುತ್ತಾನೆ, ಇಲ್ಲವೇ ಕೊನೆಯ ಸಮಚಿಹ್ನೆ ಬಿಟ್ಟಿರುತ್ತಾನೆ. ಆಫ್ರಿಕಾದ ವೈಮಾನಿಕ ಹವಾಮಾನ ಸಂದೇಶಗಳನ್ನು ಒಟ್ಟುಗೂಡಿಸುವ ದತ್ತಾಂಶ ಬ್ಯಾಂಕ್‌ಗಳು ಡಕಾರ್ ಮತ್ತು ಪ್ರಿಟೋರಿಯಾದಲ್ಲಿವೆ. ಸ್ವರೂಪ ತಪ್ಪಿದ ಸಂದೇಶವನ್ನು ಅಲ್ಲಿನ ಯಂತ್ರ ಪಕ್ಕಕ್ಕೆ ಹಾಕಿಬಿಡುತ್ತದೆ. ವೀಕ್ಷಣೆ ನಡೆದಿದೆ, ಜಗತ್ತಿಗೆ ಕಾಣಲಿಲ್ಲ ಅಷ್ಟೆ. ಹಾಗಾಗಿ ಸಾಲು ಖಾಲಿ ಇದ್ದರೆ ಆ ಊರಿನ ಟವರ್‌ಗೋ ಹವಾಮಾನ ಕಚೇರಿಗೋ ಫೋನ್ ಮಾಡು. ಎಷ್ಟೋ ಸಲ ಉತ್ತರ ಅಲ್ಲೇ ಮೇಜಿನ ಮೇಲಿರುತ್ತದೆ.

ಇನ್ನು ಬಂದ ವರದಿಯೇ ಸುಳ್ಳು ಹೇಳುವ ಬಗೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗೋಚರತೆ ಅಳೆಯಲು ಎರಡು ಥರದ ಉಪಕರಣಗಳಿವೆ. ಟ್ರಾನ್ಸ್‌ಮಿಸೋಮೀಟರ್ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಬೆಳಕು ಬಿಟ್ಟು ಎಷ್ಟು ತಲುಪಿತು ಅಂತ ನೋಡುತ್ತದೆ. ಫಾರ್ವರ್ಡ್ ಸ್ಕ್ಯಾಟರ್ ಮೀಟರ್ ಗಾಳಿಯ ಕಣಗಳಿಗೆ ಬಡಿದು ಎಷ್ಟು ಬೆಳಕು ಚದುರಿತು ಅಂತ ನೋಡುತ್ತದೆ. ಗಾಜಿನ ಮೇಲೆ ಧೂಳು ಕೂತರೆ ಎರಡೂ ಎದುರುಬದುರು ದಿಕ್ಕಿನಲ್ಲಿ ತಪ್ಪುತ್ತವೆ. ಮೊದಲನೆಯದು ಬೆಳಕು ಕಡಿಮೆ ತಲುಪಿತೆಂದು ಇರುವುದಕ್ಕಿಂತ ಕೆಟ್ಟ ಗೋಚರತೆ ತೋರಿಸುತ್ತದೆ. ವಿಮಾನ ಸುಮ್ಮನೆ ತಡವಾಗುತ್ತದೆ, ಅಷ್ಟೇ ನಷ್ಟ. ಎರಡನೆಯದು ಚದುರಿದ ಬೆಳಕು ಕಡಿಮೆ ಬಂತೆಂದು ಇರುವುದಕ್ಕಿಂತ ಒಳ್ಳೆಯ ಗೋಚರತೆ ತೋರಿಸುತ್ತದೆ, ಅಪಾಯ ಇರುವುದು ಇಲ್ಲಿ. ಈಗಿನ ಉಪಕರಣಗಳು ಗಾಜಿನ ಕೊಳೆಯನ್ನು ತಾವೇ ಅಳೆದು ಒಂದು ಮಟ್ಟದವರೆಗೆ ಸರಿಪಡಿಸಿಕೊಳ್ಳುತ್ತವೆ, ಮೀರಿದರೆ ಎಚ್ಚರಿಕೆ ಕೊಡುತ್ತವೆ. ಆ ಎಚ್ಚರಿಕೆ ನೋಡಿ ಮೆತ್ತನೆಯ ಬಟ್ಟೆ ಹಿಡಿದು ಹೋಗುವವರು ಬೇಕಲ್ಲ! ನವೆಂಬರ್‌ನಿಂದ ಮಾರ್ಚ್‌ವರೆಗೆ ಸಹಾರಾದಿಂದ ಹರ್ಮಾಟನ್ ಎಂಬ ಧೂಳುಗಾಳಿ ಬೀಸುವಾಗ ಕಾನೊ, ಎನ್‌ಜಮೇನಾ ಕಡೆ ಒರೆಸಿದ ಗಾಜು ಬೇಗನೆ ಮತ್ತೆ ಮಸುಕಾಗುತ್ತದೆ. ಅದರ ಮೇಲೆ, ಈ ಮೀಟರ್‌ಗಳ ಲೆಕ್ಕಾಚಾರ ಹೆಚ್ಚಾಗಿ ಮಂಜಿನ ಹನಿಗಳನ್ನು ನೆಚ್ಚಿಕೊಂಡದ್ದು. ಧೂಳಿನ ಕಣ ಬೆಳಕನ್ನು ಬೇರೆ ರೀತಿ ಚದುರಿಸುತ್ತದೆ. ಆದ್ದರಿಂದ ಹರ್ಮಾಟನ್ ಕಾಲದಲ್ಲಿ ಒಂದೇ ನಿಲ್ದಾಣ ಮಾತ್ರ ಚೆನ್ನಾಗಿದೆ ಅಂತ ತೋರಿಸಿದರೆ ಅಕ್ಕಪಕ್ಕದ ನಿಲ್ದಾಣ ನೋಡು, ಹವಾಮಾನ ಉಪಗ್ರಹ ಮೀಟಿಯೋಸ್ಯಾಟ್‌ನ ಧೂಳಿನ ಚಿತ್ರ ತೆರೆ. ಆ ಚಿತ್ರದಲ್ಲಿ ಧೂಳು ಗುಲಾಬಿ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಉಷ್ಣತೆ ಮತ್ತು ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಎರಡೂ ಒಂದೇ ಅಂಕಿ ತೋರಿಸುತ್ತಿವೆ, ಹೊತ್ತು ನಡು ಮಧ್ಯಾಹ್ನ, ಕಾಲ ಒಣ ಹವೆಯದು ಅಂತಿಟ್ಟುಕೋ. ಹಾಗಿದ್ದರೆ ಹೆಚ್ಚಾಗಿ ತೇವ ಉಷ್ಣಮಾಪಕದ ಬತ್ತಿ ಒಣಗಿದೆ ಅಂತ ಅರ್ಥ. ನೀರಿನ ಬಟ್ಟಲು ತುಂಬಿಸಿಲ್ಲ, ಅಥವಾ ಬತ್ತಿ ಕೊಳಕಾಗಿದೆ. ನೀರು ಆವಿಯಾಗದಿದ್ದರೆ ತೇವ ಬಲ್ಬ್ ತಣ್ಣಗಾಗುವುದಿಲ್ಲ, ಎರಡೂ ಒಂದೇ ಉಷ್ಣತೆ ತೋರಿಸುತ್ತವೆ.

ಕ್ಯೂಎನ್‌ಎಚ್, ಅಂದರೆ ಪೈಲಟ್ ಎತ್ತರಮಾಪಕಕ್ಕೆ ಹೊಂದಿಸಿಕೊಳ್ಳುವ ವಾಯುಭಾರ, ಅದರ ವಿಷಯದಲ್ಲಿ ನಿನಗೆ ಪ್ರಕೃತಿಯೇ ಒಂದು ಗಡಿಯಾರ ಕೊಟ್ಟಿದೆ. ಭೂಮಧ್ಯರೇಖೆಯ ಹತ್ತಿರ ವಾಯುಭಾರ ದಿನಕ್ಕೆರಡು ಸಲ ಏರಿಳಿಯುತ್ತದೆ. ಸ್ಥಳೀಯ ಸಮಯ ಬೆಳಿಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ನಾಲ್ಕರ ಸುಮಾರಿಗೆ ಕಡಿಮೆ. ಬೆಳಗಿನ ಹತ್ತರಿಂದ ಸಂಜೆ ನಾಲ್ಕಕ್ಕೆ ಮೂರು ನಾಲ್ಕು ಹೆಕ್ಟೊಪಾಸ್ಕಲ್ ಇಳಿಯಲೇಬೇಕು. ಇಡೀ ದಿನ ಒಂದೇ ಅಂಕಿ ಕಂಡರೆ ಮಾಪಕ ಸಿಕ್ಕಿಹಾಕಿಕೊಂಡಿದೆ, ಇಲ್ಲವೇ ಯಾರೋ ಹಿಂದಿನ ಸಾಲನ್ನೇ ನಕಲು ಮಾಡುತ್ತಿದ್ದಾರೆ. ಒಂದು ಹೆಕ್ಟೊಪಾಸ್ಕಲ್ ಅಂದರೆ ಸಮುದ್ರಮಟ್ಟದ ಹತ್ತಿರ ಸುಮಾರು 27 ಅಡಿ. 1012 ಅನ್ನುವುದು ಬೆರಳು ತಪ್ಪಿ 1021 ಆದರೆ ವಿಮಾನ ತಾನಿದ್ದೇನೆ ಅಂದುಕೊಂಡ ಎತ್ತರಕ್ಕಿಂತ ಸುಮಾರು 240 ಅಡಿ ಕೆಳಗಿರುತ್ತದೆ. ಅನುಮಾನ ಬಂದರೆ ಪಕ್ಕದ ನಿಲ್ದಾಣದ ಅಂಕಿಗೆ ಹೋಲಿಸು, ಟವರ್‌ನಿಂದ ಮತ್ತೊಮ್ಮೆ ಓದಿಸಿಕೋ.

ಸ್ವಯಂಚಾಲಿತ ವರದಿಯಲ್ಲಿ ಆಟೋ ಅಂತಿರುತ್ತದೆ. ಅಲ್ಲಿ ಎನ್‌ಸಿಡಿ ಅಂದರೆ ಯಂತ್ರಕ್ಕೆ ಮೋಡ ಸಿಗಲಿಲ್ಲ ಎಂದು ಮಾತ್ರ. ಮೋಡದ ಎತ್ತರ ಅಳೆಯುವ ಸೀಲೋಮೀಟರ್ ತನ್ನ ನೆತ್ತಿಯ ಮೇಲಿನದನ್ನಷ್ಟೇ ನೋಡುತ್ತದೆ. ಐದು ಕಿಲೋಮೀಟರ್ ಆಚೆ ನಿಂತ ಗುಡುಗು ಮೋಡ ಅದಕ್ಕೆ ಕಾಣುವುದಿಲ್ಲ.

ಗುಡುಗು ಮೋಡ ಅಂದ ತಕ್ಷಣ ವಿಕ್ಟೋರಿಯಾ ಸರೋವರ. ರಾತ್ರಿ ಸುತ್ತಲ ನೆಲ ತಣಿದು ಎಲ್ಲ ದಡಗಳಿಂದಲೂ ನೀರಿನ ಕಡೆಗೆ ಗಾಳಿ ಬೀಸುತ್ತದೆ, ನಡುವೆ ಕೂಡಿ ಮೇಲೇಳುತ್ತದೆ. ಹಾಗಾಗಿ ಅಲ್ಲಿ ಬಿರುಗಾಳಿ ಮಳೆ ಬಲಿಯುವುದು ರಾತ್ರಿಯಿಂದ ಬೆಳಗಿನ ಜಾವದವರೆಗೆ, ವೀಕ್ಷಕರು ಕಡಿಮೆ ಇರುವ ಹೊತ್ತಿನಲ್ಲೇ. ಬೆಳಗಿನ ಜಾವ ಎಂಟೆಬೆಗೆ ಹೋಗುವ ವಿಮಾನಕ್ಕೆ ಅದೇ ಸರೋವರದ ದಡದ ಕಿಸುಮುವನ್ನು ಪರ್ಯಾಯವಾಗಿ, ಅಂದರೆ ಎಂಟೆಬೆಯಲ್ಲಿ ಇಳಿಯಲಾಗದಿದ್ದರೆ ಹೋಗುವ ನಿಲ್ದಾಣವಾಗಿ, ಕೊಡಬೇಡ. ದಡದಿಂದ ದೂರದ ನಿಲ್ದಾಣ ಕೊಡು, ಅಷ್ಟು ದೂರಕ್ಕೆ ಇಂಧನ ಹಾಕಿಸು. ಆಫ್ರಿಕಾದ ಬಹುಭಾಗದಲ್ಲಿ ಹವಾಮಾನ ರೇಡಾರ್ ಇಲ್ಲ, ಇದ್ದ ಕೆಲವೂ ಬಿಡಿಭಾಗ ಸಿಗದೆ ನಿಂತಿರುತ್ತವೆ. ಸಿಗ್ಮೆಟ್ ಇಲ್ಲದ ಕಾಂಗೋ ಆಕಾಶವನ್ನು ಖಾಲಿ ಅಂತ ಎಂದೂ ಎಣಿಸಬೇಡ. 2022ರ ಡಿಸೆಂಬರ್‌ನಲ್ಲಿ ಹಾರಿದ ಹೊಸ ಪೀಳಿಗೆಯ ಮೀಟಿಯೋಸ್ಯಾಟ್ ಹತ್ತು ನಿಮಿಷಕ್ಕೊಂದು ಚಿತ್ರ ಕೊಡುತ್ತದೆ, ಮಿಂಚನ್ನೂ ಹಿಡಿಯುತ್ತದೆ. ರೇಡಾರ್ ಇಲ್ಲದ ಕಡೆ ಅದೇ ನಿನ್ನ ಕಣ್ಣು. 2014ರ ಜುಲೈ 24ರಂದು ವಾಗಡೂಗುವಿನಿಂದ ಅಲ್ಜೀರ್ಸ್‌ಗೆ ಹೊರಟ ಏರ್ ಅಲ್ಜೀರಿ 5017 ಮಾಲಿಯಲ್ಲಿ ಬಿದ್ದು 116 ಜನ ಸತ್ತರು. ಬಿರುಮಳೆ ಮೋಡಗಳ ಪಕ್ಕದ ಹಿಮಹರಳು ಎಂಜಿನ್‌ನ ಒತ್ತಡ ಸಂವೇದಕಗಳನ್ನು ಮುಚ್ಚಿದ್ದರಿಂದ ಎಲ್ಲ ಶುರುವಾಯಿತು.

ಮಾಹಿತಿ ಇದ್ದರೂ ಸಾಲದು ಅನ್ನುವುದಕ್ಕೆ ನೈಜೀರಿಯಾ ಸಾಕ್ಷಿ. 2005ರ ಡಿಸೆಂಬರ್ 10ರಂದು ಪೋರ್ಟ್ ಹಾರ್ಕೋರ್ಟ್‌ನಲ್ಲಿ ಸೊಸೊಲಿಸೊ 1145 ವಿಮಾನ ಬಿದ್ದು 108 ಜನ ಹೋದರು. ರನ್‌ವೇ ಕಾಣದೆಯೂ ನಿರ್ಧಾರದ ಎತ್ತರ (ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಬೇಕಾದ ಎತ್ತರ) ದಾಟಿ ಇಳಿದದ್ದು ಮುಖ್ಯ ಕಾರಣ. ವಿಂಡ್ ಶಿಯರ್ (ಗಾಳಿಯ ವೇಗ, ದಿಕ್ಕು ಥಟ್ಟನೆ ಬದಲಾಗುವುದು) ಮತ್ತು ಉರಿಯದ ರನ್‌ವೇ ದೀಪಗಳೂ ಜೊತೆಗೂಡಿದವು. ಮರುವರ್ಷ ಅಕ್ಟೋಬರ್ 29ರಂದು ಅಬುಜಾದಲ್ಲಿ ಎಡಿಸಿ 53 ಕೆಟ್ಟ ಹವೆಯಲ್ಲೇ ಮೇಲೇರಿ ಬಿತ್ತು. ಆಮೇಲೆ ದೇಶದ ಹವಾಮಾನ ಸಂಸ್ಥೆ ನಿಮೆಟ್ ಪ್ರಮುಖ ನಿಲ್ದಾಣಗಳಲ್ಲಿ ವಿಂಡ್ ಶಿಯರ್ ಎಚ್ಚರಿಕೆ ವ್ಯವಸ್ಥೆ ಹಾಕಿತು. ರನ್‌ವೇ ಸುತ್ತ ನೆಟ್ಟ ಗಾಳಿಮಾಪಕಗಳನ್ನು ಒಂದಕ್ಕೊಂದು ಹೋಲಿಸುವ ವ್ಯವಸ್ಥೆ ಅದು. ಕಂಬದ ಪಕ್ಕ ಮರ ಬೆಳೆದರೂ, ಒಂದು ಬ್ಯಾಟರಿ ಸತ್ತರೂ ಹೋಲಿಕೆ ಕೆಡುತ್ತದೆ.

ಅದಕ್ಕೇ ಹೊಸ ಉಪಕರಣದ ಉದ್ಘಾಟನೆಯ ಸುದ್ದಿ ಓದಿದಾಗಲೆಲ್ಲ ನಾನು ಹುಡುಕುವುದು ನಿರ್ವಹಣೆಯ ಹಣ ಎಲ್ಲಿಂದ ಬರುತ್ತದೆ ಅನ್ನುವುದನ್ನು. ದಾನಿಗಳ ಯೋಜನೆ ಮುಗಿದು ವಾರಂಟಿ ತೀರಿದ ಮೇಲೆ ಒಂದು ಸಂವೇದಕ ಹೊರದೇಶದಿಂದ ಬರಬೇಕು, ಡಾಲರ್ ಬೇಕು, ಕಸ್ಟಮ್ಸ್ ದಾಟಬೇಕು. ವಿಮಾನ ಸಂಸ್ಥೆಗಳು ಕೊಡುವ ಮಾರ್ಗಶುಲ್ಕದಲ್ಲಿ ಹವಾಮಾನ ಸೇವೆಯ ಪಾಲೂ ಇದೆ. ಹಲವು ದೇಶಗಳಲ್ಲಿ ಆ ಪಾಲು ಹವಾಮಾನ ಇಲಾಖೆಯವರೆಗೆ ತಲುಪುವುದೇ ಇಲ್ಲ. ಇದು ಅನ್ಯಾಯ, ಪುಟ್ಟಿ, ಇದನ್ನು ನಾನು ಮೆತ್ತಗೆ ಹೇಳಲಾರೆ. 1959ರಲ್ಲಿ ಹುಟ್ಟಿದ ಆಸೆಕ್ನಾ, ಮುಖ್ಯವಾಗಿ ಫ್ರೆಂಚ್ ಮಾತಾಡುವ ದೇಶಗಳ ಕೂಟ, ಶುಲ್ಕವನ್ನೂ ಸಿಬ್ಬಂದಿಯನ್ನೂ ಒಟ್ಟಿಗೆ ನಡೆಸುತ್ತದೆ. ನಿಯಾಮೆಯಲ್ಲಿ ತರಬೇತಿ ಶಾಲೆಯನ್ನೂ ಇಟ್ಟಿದೆ. ಚಿಕ್ಕ ದೇಶಗಳಿಗೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಜ್ವಾಲಾಮುಖಿ ಬೂದಿಗೆ ಫ್ರಾನ್ಸಿನ ಟುಲೂಸ್ ಸಲಹಾ ಕೇಂದ್ರದ ಸಲಹೆಗಳನ್ನು ತಪ್ಪದೆ ನೋಡು. 2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಸಿಡಿದಾಗ ಬೂದಿ ಕೆಂಪು ಸಮುದ್ರ ದಾಟಿ ಉತ್ತರ ಭಾರತದವರೆಗೆ ಬಂತು, ಇಲ್ಲಿಯ ವಿಮಾನಗಳೂ ರದ್ದಾದವು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಮೊದಲ ದಿನದಿಂದಲೇ ಶುರುಮಾಡು. ಬಾರದ ಮೆಟಾರ್, ತಡವಾದ ಟ್ಯಾಫ್, ಅನುಮಾನದ ಅಂಕಿ, ಇಷ್ಟನ್ನೂ ನಿಲ್ದಾಣದ ನಾಲ್ಕಕ್ಷರದ ಸಂಕೇತ ಮತ್ತು ಯುಟಿಸಿ ಸಮಯದ ಜೊತೆ ಒಂದು ಪಟ್ಟಿಯಲ್ಲಿ ಬರೆದಿಡು. ವಾರಕ್ಕೊಮ್ಮೆ ಆಯಾ ಹವಾಮಾನ ಕಚೇರಿಗೆ ಕಳಿಸು, ಒಂದು ಪ್ರತಿ ನಿಮ್ಮ ಸುರಕ್ಷತಾ ವಿಭಾಗಕ್ಕೆ. ದೂರಿನ ಭಾಷೆ ಬೇಡ, ಬರೀ ತಾರೀಖು ಮತ್ತು ಅಂಕಿ ಸಾಕು. ಅಲ್ಲಿನ ವೀಕ್ಷಕರು ಬತ್ತಿ, ಬ್ಯಾಟರಿ ಕೇಳಿ ಮೇಲಿನವರಿಗೆ ಬರೆಯುವಾಗ ನಿನ್ನ ಆ ಪಟ್ಟಿಯನ್ನೇ ಲಗತ್ತಿಸಬಹುದು.

ನಿನ್ನ
ಅಮ್ಮ